ಡ್ರೈವರ್ ಸೀಟಿನಿಂದ ಕಂಡ ಕಾರಿನ ಚರಿತ್ರೆ

1908ರಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಇವತ್ತಿನ ಎಂಥ ನುರಿತ ಡ್ರೈವರನ್ನು ಕೂರಿಸಿದರೂ ಹತ್ತು ಅಡಿ ಮುಂದೆ ಹೋಗುವುದರೊಳಗೆ ಕಂಗಾಲಾಗುತ್ತಾನೆ. ಕಾಲ ಬಳಿ ಮೂರು ಪೆಡಲ್ ಇವೆ, ನಿಜ. ಆದರೆ ಬಲಗಡೆಯದು ಆಕ್ಸಿಲರೇಟರ್ ಅಲ್ಲ, ಬ್ರೇಕು. ನಡುವಿನದು ರಿವರ್ಸ್. ಎಡಗಡೆಯದನ್ನು ಪೂರ್ತಿ ತುಳಿದರೆ ಲೋ ಗೇರು, ಅರ್ಧ ತುಳಿದರೆ ನ್ಯೂಟ್ರಲ್, ಕಾಲು ತೆಗೆದರೆ ಟಾಪ್ ಗೇರು. ಹಾಗಾದರೆ ಆಕ್ಸಿಲರೇಟರ್ ಎಲ್ಲಿ? ಸ್ಟಿಯರಿಂಗ್ ಚಕ್ರದ ಕೆಳಗೆ ಬಲಕ್ಕೆ ಚಾಚಿದ ಕಡ್ಡಿಯೇ ಅದು. ಎಡಕ್ಕೆ ಇನ್ನೊಂದು ಕಡ್ಡಿ. ಎಂಜಿನ್ನಿನಲ್ಲಿ ಕಿಡಿ ಹಾರುವ ಹೊತ್ತನ್ನು ಹಿಂದುಮುಂದು ಮಾಡಲು. ಇಷ್ಟನ್ನೂ ಸಂಭಾಳಿಸುತ್ತ, ಎದುರಿಗೆ ಬಂದ ಕುದುರೆ ಗಾಡಿಯನ್ನೂ ತಪ್ಪಿಸಬೇಕು.

ದಾವಣಗೆರೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವಳು ನಾನು. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಹೇಳಿಕೊಡುವುದರಲ್ಲೇ ಅರ್ಧ ಆಯುಷ್ಯ ಕಳೆದಿದೆ. ಕಾರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಎಂಜಿನ್ನಿನ ಬಲ, ಓಟದ ವೇಗ, ಕಂಪನಿಗಳ ಪೈಪೋಟಿಯ ಲೆಕ್ಕ ಕೊಡುತ್ತಾರೆ. ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ನನಗೆ ಕಾಣುವ ಲೆಕ್ಕ ಬೇರೆ. ಡ್ರೈವರನ ಕೈಕಾಲು ಮಾಡುತ್ತಿದ್ದ ಕೆಲಸಗಳು ಒಂದೊಂದಾಗಿ ಯಂತ್ರದ ಪಾಲಾಗಿವೆ. ಹಾಗೆ ಒಂದು ಕೆಲಸ ಕಳಚಿದಾಗಲೆಲ್ಲ ಡ್ರೈವರನ ಕಣ್ಣು ರಸ್ತೆಯ ಮೇಲೆ ಇನ್ನಷ್ಟು ಹೊತ್ತು ನಿಲ್ಲುವಂತಾಗಿದೆ.

ಬರ್ತಾ ಬೆಂಜ್ ಹೊರಟ ದಿನ

ತಾನಾಗಿ ಓಡುವ ಗಾಡಿಯ ಆಸೆ ಹಳೆಯದು. ಫ್ರಾನ್ಸಿನ ಕ್ಯೂನ್ಯೋ 1769ರಲ್ಲೇ ಆವಿಯಿಂದ ಓಡುವ ಗಾಡಿ ಮಾಡಿದ್ದ. ಆದರೆ ಬಾಯ್ಲರು, ನೀರು, ಬೆಂಕಿ ಎಲ್ಲವನ್ನೂ ಹೊತ್ತು ಸಾಗುವ ಗಾಡಿ ಮನೆಮಂದಿಯ ವಾಹನವಾಗುವುದು ಕಷ್ಟವಿತ್ತು. 1876ರಲ್ಲಿ ಜರ್ಮನಿಯ ನಿಕೋಲಾಸ್ ಒಟ್ಟೊ ಫೋರ್ ಸ್ಟ್ರೋಕ್ ಎಂಜಿನ್ ಓಡಿಸಿ ತೋರಿಸಿದ ಮೇಲೆ ದಾರಿ ತೆರೆಯಿತು. ಇಂಧನ ಬೆರೆತ ಗಾಳಿಯನ್ನು ಎಳೆದುಕೊಳ್ಳುವುದು, ಅದುಮುವುದು, ಕಿಡಿ ಹೊತ್ತಿಸಿ ಉರಿಸುವುದು, ಹೊಗೆಯನ್ನು ಹೊರದಬ್ಬುವುದು: ಇಂದಿನ ಪೆಟ್ರೋಲ್ ಕಾರುಗಳ ಒಳಗೆ ನಡೆಯುವುದೂ ಇದೇ ನಾಲ್ಕು ಕೆಲಸ.

ಮ್ಯಾನ್‌ಹೈಮ್ ಪಟ್ಟಣದ ಕಾರ್ಲ್ ಬೆಂಜ್ ಆ ತತ್ವದ ಪುಟ್ಟ ಎಂಜಿನ್ ಕೂರಿಸಿ ಮೂರು ಚಕ್ರದ ಗಾಡಿ ಕಟ್ಟಿದ. 1886ರ ಜನವರಿ 29ರಂದು ಅದರ ಪೇಟೆಂಟಿಗೆ ಅರ್ಜಿ ಹಾಕಿದ. ಒಂದೇ ಸಿಲಿಂಡರು, ಒಂದು ಅಶ್ವಶಕ್ತಿಗೂ ಕಡಿಮೆ ಬಲ, ಗಂಟೆಗೆ ಸುಮಾರು 16 ಕಿಲೋಮೀಟರ್ ಓಟ. ಸ್ಟಿಯರಿಂಗ್ ಚಕ್ರ ಇರಲಿಲ್ಲ, ತಿರುಗಿಸಲು ಒಂದು ಹಿಡಿಕೆ ಇತ್ತು. ಸ್ಟಾರ್ಟ್ ಮಾಡಲು ಹಿಂದೆ ಅಡ್ಡಲಾಗಿ ಮಲಗಿದ್ದ ದೊಡ್ಡ ಫ್ಲೈವೀಲನ್ನು ಕೈಯಿಂದ ಗಿರ್ರನೆ ತಿರುಗಿಸಬೇಕಿತ್ತು.

ಈ ಗಾಡಿಯನ್ನು ದೂರದೂರಿಗೆ ಓಡಿಸಿದ ಮೊದಲಿಗಳು ಕಾರ್ಲನ ಹೆಂಡತಿ ಬರ್ತಾ. 1888ರ ಆಗಸ್ಟ್‌ನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಮುಂಚೆ ಹೇಳದೆ, ನೂರು ಕಿಲೋಮೀಟರಿಗೂ ಆಚೆಯ ಪ್‌ಫೋರ್ಟ್ಸ್‌ಹೈಮ್‌ಗೆ ಹೊರಟಳು. ಇಂಧನದ ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ವೀಸ್‌ಲಾಖ್ ಊರಿನ ಔಷಧದಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರಾವಕ ಕೊಂಡು ಟ್ಯಾಂಕಿಗೆ ತುಂಬಿಸಿದಳು. ಬ್ರೇಕಿನ ಮರದ ತುಂಡು ಸವೆದಾಗ ಮೋಚಿಯ ಬಳಿ ಚರ್ಮ ಹೊಡೆಸಿದಳು. ಏರು ಬಂದಲ್ಲಿ ಮಕ್ಕಳು ಇಳಿದು ತಳ್ಳಿದರು. ಊರಿಗೆ ಮರಳಿ ಬಂದವಳು ಗಂಡನಿಗೆ ಕೊಟ್ಟ ವರದಿಯಲ್ಲಿ ಮುಖ್ಯವಾದದ್ದು: ಏರು ಹತ್ತಲು ಇನ್ನೊಂದು ಗೇರು ಬೇಕು. ಹೀಗೆ ಕಾರಿನ ಮೊದಲ ದೊಡ್ಡ ಸುಧಾರಣೆಯ ಬೇಡಿಕೆ ಬಂದದ್ದು ಡ್ರೈವರ್ ಸೀಟಿನಿಂದ.

ಆಮೇಲೆ ಫ್ರಾನ್ಸಿನವರು ಚುರುಕಾದರು. 1891ರಲ್ಲಿ ಪನ್ಹಾರ್ ಮತ್ತು ಲೆವಸ್ಸೋರ್ ಕಂಪನಿ ಎಂಜಿನ್ನನ್ನು ಮುಂದಿಟ್ಟು, ಅದರ ಹಿಂದೆ ಕ್ಲಚ್ಚು, ಗೇರು ಜೋಡಿಸಿ, ಹಿಂದಿನ ಚಕ್ರಗಳನ್ನು ತಿರುಗಿಸಿತು. ಈ ಜೋಡಣೆಯೇ ಮುಂದೆ ಬಹುಕಾಲ ನಡೆಯಿತು. 1894ರ ಪ್ಯಾರಿಸ್–ರುವಾಂ ಓಟದಲ್ಲಿ ಹಿಡಿಕೆಯ ಬದಲು ದುಂಡನೆಯ ಸ್ಟಿಯರಿಂಗ್ ಬಂತು. ಮರುವರ್ಷ ಮಿಷೆಲಿನ್ ಸಹೋದರರು ಗಾಳಿ ತುಂಬಿದ ಟಯರ್ ಹಾಕಿದ ಕಾರನ್ನು ಪ್ಯಾರಿಸ್–ಬೋರ್ಡೊ ಓಟಕ್ಕೆ ಇಳಿಸಿದರು. 1902ರ ಹೊತ್ತಿಗೆ ಬಾಷ್ ಕಂಪನಿಯ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ ನಂಬುವಂಥ ಕಿಡಿ ಕೊಡತೊಡಗಿದವು.

ಕೈ ಮುರಿಯುತ್ತಿದ್ದ ಹ್ಯಾಂಡಲ್

ಇಷ್ಟೆಲ್ಲ ಆದರೂ ಸ್ಟಾರ್ಟ್ ಮಾಡುವುದು ರಟ್ಟೆಯ ಕೆಲಸವಾಗಿಯೇ ಉಳಿಯಿತು. ಗಾಡಿಯ ಮೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸಬೇಕು. ನಮ್ಮಪ್ಪ ಅಂಬಾಸಡರ್ ಟ್ಯಾಕ್ಸಿ ಇಟ್ಟಿದ್ದರು. ಬ್ಯಾಟರಿ ಕೈಕೊಟ್ಟ ಚಳಿಗಾಲದ ಬೆಳಗುಗಳಲ್ಲಿ ನನ್ನನ್ನು ಒಳಗೆ ಕೂರಿಸಿ ಚೋಕ್ ಎಳೆಯಲು ಹೇಳಿ ತಾವು ಹ್ಯಾಂಡಲ್ ಹಾಕುತ್ತಿದ್ದರು. ನಾನು ದೊಡ್ಡವಳಾದ ಮೇಲೆ ನನಗೂ ಕಲಿಸಿದರು. "ಹೆಬ್ಬೆಟ್ಟು ಸುತ್ತಿ ಹಿಡೀಬ್ಯಾಡ, ನಾಕು ಬೆರಳಿನ ಜೊತೀಗೇ ಇಡು. ಕೆಳಗಿಂದ ಮೇಲಕ್ಕೆ ಎಳಿ, ಮೇಲಿಂದ ಒತ್ತಬ್ಯಾಡ" ಎನ್ನುತ್ತಿದ್ದರು.

ಈ ಎಚ್ಚರಿಕೆಗೆ ಕಾರಣವಿದೆ. ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಿ ಇಂಧನ ಉರಿದರೆ, ಅದು ಪಿಸ್ಟನ್ನನ್ನು ವಾಪಸ್ ದಬ್ಬುತ್ತದೆ. ಎಂಜಿನ್ ಉಲ್ಟಾ ತಿರುಗುತ್ತದೆ, ಕೈಯಲ್ಲಿರುವ ಹ್ಯಾಂಡಲ್ ಕೂಡ. ಹೆಬ್ಬೆಟ್ಟು ಅಡ್ಡವಿದ್ದರೆ ಅದು ಹೋಯಿತು, ಕೆಲವರ ಮುಂಗೈ ಮೂಳೆಯೂ ಮುರಿಯುತ್ತಿತ್ತು. ಮಾಡೆಲ್ ಟಿಯಲ್ಲಿ ಕಿಡಿಯ ಕಡ್ಡಿ ಇದ್ದದ್ದು ಇದಕ್ಕೇ: ಸ್ಟಾರ್ಟ್ ಮಾಡುವಾಗ ಕಿಡಿ ತಡವಾಗಿ ಹಾರಬೇಕು, ಓಟ ಹಿಡಿದ ಮೇಲೆ ಬೇಗ ಹಾರಬೇಕು. ಕಡ್ಡಿ ಸರಿಸಲು ಮರೆತರೆ ಆಸ್ಪತ್ರೆ.

ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೇಲಂಡ್ ಇದಕ್ಕೆ ಪರಿಹಾರ ಹುಡುಕುವ ಕೆಲಸವನ್ನು ಚಾರ್ಲ್ಸ್ ಕೆಟರಿಂಗ್‌ಗೆ ಒಪ್ಪಿಸಿದರು. ಎಂಜಿನ್ ತಿರುಗಿಸುವಷ್ಟು ಬಲದ ವಿದ್ಯುತ್ ಮೋಟಾರು ಗಾಡಿಯಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತದೆ ಎಂಬುದು ಆಗಿನ ನಂಬಿಕೆ. ಕೆಟರಿಂಗ್ ಅದಕ್ಕೂ ಮುಂಚೆ ಅಂಗಡಿಗಳ ಹಣದ ಯಂತ್ರಕ್ಕೆ ಮೋಟಾರು ಜೋಡಿಸಿದವರು. ಒಂದೆರಡು ಕ್ಷಣ ಮಾತ್ರ ದುಡಿಯುವ ಮೋಟಾರು ಚಿಕ್ಕದಾಗಿದ್ದರೂ ಹೆಚ್ಚು ಬಲ ಕೊಡಬಲ್ಲದು, ಅಷ್ಟರೊಳಗೆ ಸುಟ್ಟುಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 1912ರ ಕ್ಯಾಡಿಲಾಕ್ ಸೆಲ್ಫ್ ಸ್ಟಾರ್ಟರ್ ಸಮೇತ ಬಂತು. ಅದೇ ಮೋಟಾರು ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುತ್ತಿತ್ತು.

ಇದರಿಂದ ಏಟು ತಿಂದದ್ದು ಬ್ಯಾಟರಿ ಕಾರು. ಆಗ ಅಮೆರಿಕದ ಪಟ್ಟಣಗಳಲ್ಲಿ ಆವಿ, ಪೆಟ್ರೋಲ್ ಕಾರುಗಳ ಜೊತೆ ವಿದ್ಯುತ್ ಕಾರುಗಳೂ ಓಡಾಡುತ್ತಿದ್ದವು. ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊದಲು ದಾಟಿದ್ದೂ 1899ರಲ್ಲಿ ಬೆಲ್ಜಿಯಂನ ಕಮಿಲ್ ಜೆನಾಟ್ಜಿ ಓಡಿಸಿದ ವಿದ್ಯುತ್ ಗಾಡಿಯೇ. ಹ್ಯಾಂಡಲ್ ಬೇಡ, ಹೊಗೆ ಇಲ್ಲ ಎಂಬುದು ಅವುಗಳ ಹೆಚ್ಚುಗಾರಿಕೆಯಾಗಿತ್ತು. ಪೆಟ್ರೋಲ್ ಕಾರಿಗೂ ಹ್ಯಾಂಡಲ್ ಬೇಡವಾದ ಮೇಲೆ, ಮೇಲಾಗಿ ಫೋರ್ಡ್ ಕಾರಿನ ಬೆಲೆ ಇಳಿಯುತ್ತ ಹೋದ ಮೇಲೆ, ಅವು ಹಿಂದೆ ಬಿದ್ದವು.

ಫೋರ್ಡ್ ಬೆಲೆ ಇಳಿಸಿದ್ದು ಕೆಲಸದ ಕ್ರಮ ಬದಲಿಸಿ. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಕೆಲಸಗಾರ ಗಾಡಿಯ ಬಳಿ ಹೋಗುವ ಬದಲು ಗಾಡಿಯೇ ಅವನ ಮುಂದೆ ಸರಿದು ಬರುವಂತೆ ಮಾಡಿದರು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆ 93 ನಿಮಿಷಕ್ಕೆ ಇಳಿಯಿತು. ಮೊದಲು 850 ಡಾಲರ್ ಇದ್ದ ಕಾರು ಮುಂದೆ 300 ಡಾಲರಿಗೂ ಕಡಿಮೆಗೆ ಸಿಕ್ಕಿತು. 1927ರಲ್ಲಿ ನಿಲ್ಲುವ ವೇಳೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಹೊರಬಂದಿದ್ದವು.

ಗೇರಿನ ಗದ್ದಲ

ಹಳೆಯ ಗೇರು ಬಾಕ್ಸಿನಲ್ಲಿ ಬೇರೆಬೇರೆ ವೇಗದಲ್ಲಿ ತಿರುಗುವ ಹಲ್ಲಿನ ಚಕ್ರಗಳನ್ನು ಡ್ರೈವರನೇ ಅಂದಾಜಿನಲ್ಲಿ ಕೂಡಿಸಬೇಕಿತ್ತು. ಅದಕ್ಕೆ ಡಬಲ್ ಕ್ಲಚ್: ಕ್ಲಚ್ ತುಳಿದು ನ್ಯೂಟ್ರಲ್ಲಿಗೆ ತಂದು ಬಿಡು, ಇಳಿಗೇರಾದರೆ ಸ್ವಲ್ಪ ರೇಸ್ ಕೊಡು, ಮತ್ತೆ ತುಳಿದು ಗೇರು ಹಾಕು. ಹೊತ್ತು ತಪ್ಪಿದರೆ ಕರ್ರೆಂಬ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. 1928ರಲ್ಲಿ ಕ್ಯಾಡಿಲಾಕ್ ತಂದ ಸಿಂಕ್ರೊಮೆಶ್, ಹಲ್ಲುಗಳು ಕೂಡುವ ಮೊದಲೇ ಎರಡೂ ಕಡೆಯ ವೇಗ ಸರಿಹೊಂದಿಸತೊಡಗಿತು. ಅಪ್ಪನ ಅಂಬಾಸಡರ್‌ನಲ್ಲಿ ಮೇಲಿನ ಗೇರುಗಳಿಗೆ ಅದಿತ್ತು, ಫಸ್ಟ್ ಗೇರಿಗೆ ಇರಲಿಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಫಸ್ಟ್ ಹಾಕು ಎಂಬುದು ಆ ಕಾಲದ ಕಾನೂನು. ಅಮೆರಿಕದಲ್ಲಿ 1939ರ ಕೊನೆಗೆ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಹೈಡ್ರಾಮ್ಯಾಟಿಕ್ ಎಂಬ ಆಟೊಮ್ಯಾಟಿಕ್ ಗೇರು ಬಂದು ಕ್ಲಚ್ ಪೆಡಲನ್ನೇ ತೆಗೆದುಹಾಕಿತ್ತು. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಪವರ್ ಸ್ಟಿಯರಿಂಗ್ ಕೊಟ್ಟಿತು. ನಮ್ಮ ಊರುಗಳಿಗೆ ಇವೆಲ್ಲ ಬರಲು ಮತ್ತೆ ಅರ್ಧ ಶತಮಾನ ಬೇಕಾಯಿತು.

ಭಾರತದಲ್ಲಿ ಕಾರು ತಯಾರಿಸಬೇಕೆಂಬ ಹಂಬಲ ಹೊತ್ತವರಲ್ಲಿ ನಮ್ಮ ವಿಶ್ವೇಶ್ವರಯ್ಯನವರೂ ಒಬ್ಬರು. 1930ರ ದಶಕದಲ್ಲಿ, ಎಪ್ಪತ್ತು ದಾಟಿದ ಮೇಲೆ, ಯುರೋಪು ಮತ್ತು ಅಮೆರಿಕದ ಕಾರ್ಖಾನೆಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಪದ್ಮಿನಿ ಕಾರು ಬಂದದ್ದು ಅಲ್ಲಿಂದ. ಬಿರ್ಲಾ ಅವರ ಹಿಂದೂಸ್ತಾನ್ ಮೋಟರ್ಸ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಲ್ಲಿ ಅಂಬಾಸಡರ್ ಮಾಡಿತು. ಲೈಸೆನ್ಸ್ ರಾಜ್ಯದಲ್ಲಿ ಪೈಪೋಟಿ ಇರಲಿಲ್ಲ, ಹಾಗಾಗಿ ಬದಲಾವಣೆಯ ಅವಸರವೂ ಇರಲಿಲ್ಲ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಗುರಗಾಂವ್ ಕಾರ್ಖಾನೆಯಿಂದ ಗಿರಾಕಿಯ ಕೈಸೇರಿತು. 796 ಸಿಸಿ, ಮೂರು ಸಿಲಿಂಡರು, ಅಂಬಾಸಡರ್‌ನ ಅರ್ಧಕ್ಕಿಂತ ತುಸುವೇ ಹೆಚ್ಚು ತೂಕ. ಕ್ಲಚ್ ಹಗುರ, ಸ್ಟಿಯರಿಂಗ್ ಹಗುರ, ಗೇರು ಕೈಗೆ ಸಲೀಸು. ನನ್ನ ಸ್ಕೂಲು ಬೆಳೆದದ್ದು ಈ ಕಾರಿನಿಂದ. "ಅಕ್ಕಾ, ನಂಗೂ ಬರುತ್ತಾ?" ಎಂದು ಅಳುಕುತ್ತ ಬಂದ ಟೀಚರುಗಳು, ಬ್ಯಾಂಕಿನ ಹೆಣ್ಣುಮಕ್ಕಳು, ಮೊಮ್ಮಕ್ಕಳನ್ನು ಕಂಡ ಅಜ್ಜಿಯರು ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿ ಲೈಸೆನ್ಸ್ ಪಡೆದರು. ಅಂಬಾಸಡರ್ ಓಡಿಸಲು ಬರುವುದಿಲ್ಲ ಎನ್ನಿಸಿಕೊಂಡವರಿಗೆ ಬುದ್ಧಿಯ ಕೊರತೆ ಇರಲಿಲ್ಲ, ಗಾಡಿ ಕೇಳುತ್ತಿದ್ದ ರಟ್ಟೆಬಲ ಇರಲಿಲ್ಲ ಅಷ್ಟೆ. ಮಾರುತಿ 800 ಮತ್ತು ಅಂಬಾಸಡರ್ ಎರಡರ ತಯಾರಿಕೆಯೂ ನಿಂತದ್ದು ಒಂದೇ ವರ್ಷ, 2014ರಲ್ಲಿ.

ನಿಲ್ಲುವ ವಿದ್ಯೆ

ಓಡುವುದಕ್ಕಿಂತ ನಿಲ್ಲುವುದು ಕಷ್ಟದ ವಿದ್ಯೆ. ಮಳೆಯಲ್ಲಿ ಒಮ್ಮೆಲೇ ಬ್ರೇಕ್ ಒತ್ತಿದರೆ ಚಕ್ರ ಬಿಗಿದು ಗಾಡಿ ಜಾರುತ್ತದೆ, ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಕೇಳುವುದಿಲ್ಲ. ಅದಕ್ಕೇ ಅಪ್ಪ ತುಳಿದು ಬಿಟ್ಟು, ತುಳಿದು ಬಿಟ್ಟು ನಿಲ್ಲಿಸುತ್ತಿದ್ದರು. 1978ರಲ್ಲಿ ಬಾಷ್ ಕಂಪನಿ ಮರ್ಸಿಡಿಸ್ ಕಾರಿಗೆ ಕೊಟ್ಟ ಎಬಿಎಸ್ ಅದೇ ಕೆಲಸವನ್ನು ಒಂದು ಸೆಕೆಂಡಿನಲ್ಲಿ ಹಲವು ಸಲ ಮಾಡುತ್ತದೆ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯ. ಹಾಗಾಗಿ ಈಗ ಕಲಿಸುವ ಪಾಠ ಉಲ್ಟಾ: ಎಬಿಎಸ್ ಇದ್ದರೆ ತುರ್ತಿನಲ್ಲಿ ಜೋರಾಗಿ ತುಳಿದು ಹಿಡಿದುಕೊಳ್ಳಿ, ಕಾಲು ಬಿಡಬೇಡಿ, ಪೆಡಲ್ ನಡುಗಿದರೆ ಹೆದರಬೇಡಿ.

ವೋಲ್ವೊ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ಮೂರು ಕಡೆ ಬಿಗಿಯುವ ಸೀಟ್ ಬೆಲ್ಟ್ ರೂಪಿಸಿದರು. ಕಂಪನಿ ಆ ಪೇಟೆಂಟನ್ನು ಎಲ್ಲ ಕಾರು ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಕಾರಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಾನ ನನಗೆ ಕಂಡಿಲ್ಲ.

ಈಗ ಬ್ಯಾಟರಿ ಕಾರು ಮರಳಿ ಬಂದಿದೆ. 2001ರಲ್ಲೇ ಬೆಂಗಳೂರಿನ ರೇವಾ, ಚೇತನ್ ಮೈನಿಯವರ ನೇತೃತ್ವದಲ್ಲಿ, ಪುಟ್ಟ ವಿದ್ಯುತ್ ಕಾರನ್ನು ರಸ್ತೆಗೆ ಇಳಿಸಿತ್ತು. ಪೆಟ್ರೋಲ್ ಎಂಜಿನ್ ನಿಧಾನ ತಿರುಗುವಾಗ ಬಲಹೀನ, ಹಾಗಾಗಿ ಅದಕ್ಕೆ ಗೇರಿನ ಆಸರೆ ಬೇಕು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ಕೊಡುತ್ತದೆ. ಕ್ಲಚ್ ಇಲ್ಲ, ಗೇರು ಬದಲಿಸುವುದಿಲ್ಲ, ಎರಡೇ ಪೆಡಲ್. ಬರ್ತಾ ಕೇಳಿದ ಇನ್ನೊಂದು ಗೇರಿನ ಅಗತ್ಯವೇ ಈಗಿಲ್ಲ.

ಹ್ಯಾಂಡಲ್, ಕಿಡಿಯ ಕಡ್ಡಿ, ಚೋಕ್, ಡಬಲ್ ಕ್ಲಚ್, ಕ್ಲಚ್ಚು, ಗೇರು, ತುಳಿದು ಬಿಡುವ ಬ್ರೇಕು ಬ್ಯಾಟರಿ ಕಾರಿನಲ್ಲಿ ಎಲ್ಲವೂ ಹೋದವು. ಅವುಗಳ ಮೇಲೆ ಖರ್ಚಾಗುತ್ತಿದ್ದ ಗಮನ ಡ್ರೈವರನಿಗೆ ಉಳಿತಾಯವಾಯಿತು. ಆ ಉಳಿತಾಯವನ್ನು ನಾವು ಎಲ್ಲಿ ಹಾಕುತ್ತಿದ್ದೇವೆ? ನನ್ನ ಶಿಷ್ಯರೇ ಲೈಸೆನ್ಸ್ ಕೈಗೆ ಬಂದ ಮೇಲೆ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದನ್ನು ಕಾಣುತ್ತೇನೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ಮೆಸೇಜ್ ನೋಡಿದರೆ ಕಾರು 50 ಮೀಟರ್ ದೂರವನ್ನು ಕಣ್ಣಿಲ್ಲದೆ ಓಡಿರುತ್ತದೆ. ಆ 50 ಮೀಟರಿನಲ್ಲಿ ಏನು ಅಡ್ಡ ಬಂತೆಂದು ಯಾವ ಎಬಿಎಸ್ಸೂ ಮುಂಚೆ ಹೇಳುವುದಿಲ್ಲ. ಹಾಗಾಗಿ ನನ್ನ ಕೋರಿಕೆ ಇಷ್ಟೇ: ಹಿಂದಿನ ಸೀಟಿನವರೂ ಸೇರಿ ಎಲ್ಲರೂ ಬೆಲ್ಟ್ ಹಾಕಿ, ಫೋನು ಬಂದರೆ ಗಾಡಿ ಬದಿಗೆ ನಿಲ್ಲಿಸಿ ಮಾತಾಡಿ. ಯಂತ್ರ ಉಳಿಸಿಕೊಟ್ಟ ಗಮನವೆಲ್ಲ ರಸ್ತೆಗೇ ಸಲ್ಲಬೇಕು.