ಭದ್ರೆಯ ದಂಡೆಯ ಕಬ್ಬಿಣ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದ ನನ್ನಂಥವರಿಗೆ ಕಬ್ಬಿಣದ ಕಥೆ ಶುರುವಾಗುವುದೇ 1918ರಿಂದ. ಆಗ ಬೆಂಕಿಪುರವೆಂದೂ ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನ ಕಾರ್ಖಾನೆಗೆ ಕೈಹಾಕಿತು. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇರಲಿಲ್ಲ; ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಲ್ಲೇ ಅದಿರು ಕರಗಿತು. ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಊರಲ್ಲಿ ಎಲ್ಲರ ಬಾಯಲ್ಲೂ ನೂರು ವರ್ಷದ ಇತಿಹಾಸದ ಮಾತು. ನನಗೆ ಮಾತ್ರ ಹಳ್ಳೂರಿನ ದಿಬ್ಬದಲ್ಲಿ ಸಿಕ್ಕ, ಅದಕ್ಕಿಂತ ಎಷ್ಟೋ ಹಳೆಯ ಕಬ್ಬಿಣದ ಬಾಣದ ಮೊನೆಗಳು ನೆನಪಾಗುತ್ತಿದ್ದವು.

ಹಳ್ಳೂರು ಇರುವುದು ನಮ್ಮ ಹೊಳೆಯ ದಾರಿಯಲ್ಲೇ. ತುಂಗೆ, ಭದ್ರೆ ಎರಡೂ ಗಂಗಾಮೂಲದಲ್ಲಿ ಹುಟ್ಟುತ್ತವೆ. ತುಂಗೆ ಶೃಂಗೇರಿ, ತೀರ್ಥಹಳ್ಳಿ ಹಾದು ಶಿವಮೊಗ್ಗಕ್ಕೆ ಬಂದರೆ, ಭದ್ರೆ ಕುದುರೆಮುಖದ ಅದಿರಿನ ಬೆಟ್ಟಗಳಿಂದ ಇಳಿದು ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿಯ ಮೇಲೆ ನಮ್ಮೂರಿಗೆ ಬರುತ್ತಾಳೆ. ಕೂಡ್ಲಿಯಲ್ಲಿ ಇಬ್ಬರೂ ಸೇರುವ ಹೊತ್ತಿಗೆ ಮಲೆನಾಡು ಹಿಂದೆ ಉಳಿದು ಬಯಲು ತೆರೆದುಕೊಂಡಿರುತ್ತದೆ. ದನ ಮೇಯಿಸಿ, ಕಾಳು ಬಿತ್ತಿ ಬದುಕುವವರಿಗೆ ಬೇಕಾದದ್ದು ಇಂಥ ಬಯಲೇ. ಹೊನ್ನಾಳಿ ದಾಟಿದ ಮೇಲೆ ಎಡದಂಡೆಗೆ, ಹಾವೇರಿ ಜಿಲ್ಲೆಯಲ್ಲಿ, ಹಳ್ಳೂರು.

ಅಲ್ಲಿನ ದಿಬ್ಬವನ್ನು 1965ರ ಸುಮಾರಿಗೆ ಅಗೆಸಿದವರು ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್. ತಳದ ಪದರಗಳಲ್ಲಿ ಅವರಿಗೆ ಸಿಕ್ಕಿದ್ದು ನುಣುಪು ಮಾಡಿದ ಕಲ್ಲಿನ ಕೊಡಲಿ, ಕೈಯಲ್ಲೇ ತಟ್ಟಿದ ಬೂದುಬಣ್ಣದ ಮಡಕೆ. ಮೇಲಿನ ಪದರಗಳಲ್ಲಿ ಕಪ್ಪು-ಕೆಂಪು ಮಡಕೆಗಳು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಗಾಳಿ ತಾಗದ ಒಳಮೈ, ಬಾಯಂಚು ಕಪ್ಪಾಗುತ್ತವೆ. ಗಾಳಿ ತಾಗುವ ಹೊರಮೈ ಕೆಂಪಾಗುತ್ತದೆ. ನನಗೆ ಮುಖ್ಯವೆನಿಸುವುದು ಇವೆರಡರ ನಡುವಿನ ಪದರ. ಹಳೆಯ ಮಡಕೆ, ಹೊಸ ಮಡಕೆ ಎರಡೂ ಬೆರೆತಿರುವ ಆ ಮಣ್ಣಿನಲ್ಲೇ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ಇದ್ದಿಲಿನ ಕಾರ್ಬನ್ ಪರೀಕ್ಷೆ ಆ ಪದರವನ್ನು ಕ್ರಿ.ಪೂ. 1000ದ ಆಸುಪಾಸಿಗೆ ಒಯ್ದಿತು. ದಕ್ಷಿಣ ಭಾರತದಲ್ಲಿ ಕಬ್ಬಿಣ ಅಷ್ಟು ಹಳೆಯದೆಂದು ಆಗ ಹೆಚ್ಚಿನವರು ಎಣಿಸಿರಲಿಲ್ಲ. ಕಲ್ಲಿನ ಕೊಡಲಿಯವರನ್ನು ಓಡಿಸಿ ಕಬ್ಬಿಣದವರು ಬಂದರು ಎಂದು ಹೇಳಲೂ ಆ ಬೆರಕೆ ಪದರ ಬಿಡುವುದಿಲ್ಲ.

ಶಿವಮೊಗ್ಗ, ಭದ್ರಾವತಿಯ ಶಾಲೆಗಳವರು ಮಕ್ಕಳನ್ನು ಕೂಡ್ಲಿ ಸಂಗಮಕ್ಕೆ ಕರೆದೊಯ್ಯುತ್ತಾರೆ. ಬಸ್ಸು ಅಲ್ಲಿಂದಲೇ ತಿರುಗಬಾರದು, ಹೊಳೆಯ ಜೊತೆಗೇ ಇನ್ನಷ್ಟು ದೂರ ಹೋಗಿ ಹಳ್ಳೂರಿನ ದಿಬ್ಬವನ್ನೂ ತೋರಿಸಿ ಎಂದು ನಾನು ಸಿಕ್ಕ ಮೇಷ್ಟರಿಗೆಲ್ಲ ಹೇಳುತ್ತಿರುತ್ತೇನೆ.