ಗುಲಾಬಿಯಾಗುವ ಗಾಳಿ

ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ, ಕಸ್ತೂರಬಾ ರಸ್ತೆಯ ಮೇಲೆ ಕೊಂಬೆ ಚಾಚಿದ ಮಳೆಮರಕ್ಕೆ ಬೆರಳುದ್ದದ ಅಕ್ರಿಲಿಕ್ ನಳಿಕೆಯೊಂದನ್ನು ಬಾಯಿ ಕೆಳಗಾಗಿ ಕಟ್ಟಿದ್ದೇನೆ. ಇನ್ನೊಂದು ಪಾರ್ಕಿನ ಒಳಗೆ, ಬಿದಿರ ಮೆಳೆಯ ಪಕ್ಕ. ಮತ್ತೊಂದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಬಳಿ. ಪಂಪಿಲ್ಲ, ವಿದ್ಯುತ್ತಿಲ್ಲ. ಮುಚ್ಚಿದ ಮೇಲ್ತುದಿಯಲ್ಲಿ ಟ್ರೈಎಥನಾಲಮೈನ್ ಎಂಬ ರಾಸಾಯನಿಕ ಸವರಿದ ಉಕ್ಕಿನ ಜಾಲರಿ, ಅಷ್ಟೆ. ನೈಟ್ರೋಜನ್ ಡೈಆಕ್ಸೈಡಿನ ಅಣುಗಳು ಅತ್ತಿತ್ತ ಅಲೆಯುತ್ತ, ಯಾರೂ ಎಳೆಯದೆ ಮೇಲೇರಿ, ಜಾಲರಿಗೆ ತಾಗಿ ಅಲ್ಲೇ ಉಳಿಯುತ್ತವೆ. ಕೆಲಸದ ಜಾಗದ ಗಾಳಿ ಅಳೆಯಲೆಂದು ಪಾಮ್ಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1976ರಲ್ಲಿ ವಿವರಿಸಿದ ಉಪಾಯವಿದು.

ಎರಡರಿಂದ ನಾಲ್ಕು ವಾರ ಕಾಯಬೇಕು. ಕಾಯುವಾಗ ಕಣ್ಣಿಗೆ ಬೇರೆ ಕೆಲಸ ಸಿಗುತ್ತದೆ. ತೊಗಟೆಯ ಮೇಲೆ ನೀಲಿಬೂದು ಬಣ್ಣದ ಕಲ್ಲುಹೂವು ಅಂಟಿಕೊಂಡಿದೆ. ಅಂಚು ಸಣ್ಣಗೆ ಸೀಳಿದೆ, ನಡುವೆ ಹಿಟ್ಟು ಉದುರಿದಂತಿದೆ. ಮೊದಲ ಹನಿಗಳು ಬಿದ್ದಾಗ ಒಣ ಮೇಲ್ಪದರ ಪಾರದರ್ಶಕವಾಗಿ, ಒಳಗಿನ ಪಾಚಿಯ ಹಸಿರು ನಿಧಾನವಾಗಿ ಮೇಲೆದ್ದು ಬರುತ್ತದೆ. ಅದಕ್ಕೆ ಬೇರಿಲ್ಲ. ಮಳೆ, ಮಂಜು, ಗಾಳಿ ತಂದದ್ದನ್ನೆಲ್ಲ ಮೈಯಿಂದಲೇ ಕುಡಿಯುತ್ತದೆ, ಹೊಗೆಯ ನೈಟ್ರೋಜನ್, ಚರಂಡಿಯ ಅಮೋನಿಯಾ ಸಮೇತ. ಕೆಲವು ಜಾತಿಗಳು ಇದರಿಂದ ಕ್ಷೀಣಿಸುತ್ತವೆ, ಕೆಲವು ಕೊಬ್ಬುತ್ತವೆ. ಹಾಗಾಗಿ ಬೋಳು ಕಾಂಡವಷ್ಟೇ ಅಲ್ಲ, ಒಂದೇ ಜಾತಿ ದಟ್ಟವಾಗಿ ಹಬ್ಬಿದ ಕಾಂಡವೂ ನನ್ನನ್ನು ನಿಲ್ಲಿಸುತ್ತದೆ.

ಡಿಸೆಂಬರಿನ ಬೆಳಗುಗಳಲ್ಲಿ ತಂಪು ಗಾಳಿ ನೆಲಕ್ಕೆ ಒರಗಿರುತ್ತದೆ. ಆಫೀಸಿಗೆ ಹೊರಟ ವಾಹನಗಳ ಹೊಗೆ ಮೇಲೇರಲಾರದೆ ರಸ್ತೆಯಲ್ಲೇ ಹರಡುತ್ತದೆ. ದಿಗಂತದ ಅಂಚು ಕಂದುಗಟ್ಟುತ್ತದೆ. ನೀಲಿ ಬೆಳಕನ್ನು ಹೀರುವ ನೈಟ್ರೋಜನ್ ಡೈಆಕ್ಸೈಡಿನ ಪಾಲು ಆ ಕಂದಿನಲ್ಲಿದೆ, ಧೂಳಿನದೂ ಇದೆ. ನಳಿಕೆಗೆ ಗಂಟೆಗಳ ಲೆಕ್ಕ ತಿಳಿಯದು. ಅದಕ್ಕೆ ಪೀಣ್ಯ, ಹೆಬ್ಬಾಳ, ಜಯನಗರದ ನಿರಂತರ ಮಾಪನ ಕೇಂದ್ರಗಳಿವೆ. ಅಲ್ಲಿನ ಕತ್ತಲ ಪೆಟ್ಟಿಗೆಯಲ್ಲಿ ಈ ಅನಿಲದಿಂದ ಬಂದ ನೈಟ್ರಿಕ್ ಆಕ್ಸೈಡು ಓಝೋನನ್ನು ಕೂಡಿ ಮಂದವಾಗಿ ಬೆಳಗುತ್ತದೆ. ಯಂತ್ರ ಎಣಿಸುವುದು ಆ ಬೆಳಕನ್ನು. ಬೆಳಿಗ್ಗೆ ಏರಿದ ಅಂಕಿ ಮಧ್ಯಾಹ್ನ ಇಳಿದು, ಸಂಜೆ ಮತ್ತೆ ಏರುತ್ತದೆ. ಮಧ್ಯಾಹ್ನದ ಇಳಿತವನ್ನು ನಾನು ಶುದ್ಧಿಯೆಂದು ನಂಬುವುದಿಲ್ಲ. ಬಿಸಿಲು ನೈಟ್ರೋಜನ್ ಡೈಆಕ್ಸೈಡಿನ ಅಣುವನ್ನು ಒಡೆದಾಗ ಬಿಡಿಯಾದ ಆಮ್ಲಜನಕದ ಪರಮಾಣು ಓಝೋನನ್ನು ಕಟ್ಟುತ್ತದೆ.

ನಳಿಕೆಗಳನ್ನು ಇಳಿಸಿ, ಜಾಲರಿಗೆ ನೀರು, ಸಲ್ಫನಿಲಮೈಡ್, ಕೊನೆಗೆ ಬಣ್ಣ ಕೂಡಿಸುವ ದ್ರಾವಣ. ತುಸು ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ತಳದಿಂದ ಗುಲಾಬಿ ಏಳುತ್ತದೆ. ಬಿದಿರ ಮೆಳೆಯದು ಕಂಡೂ ಕಾಣದಷ್ಟು ತೆಳು. ಮಳೆಮರದ್ದು ಅದಕ್ಕಿಂತ ಗಾಢ. ಸಿಲ್ಕ್ ಬೋರ್ಡಿನದು ದಾಳಿಂಬೆ ರಸದಂತೆ ನೇರಳೆಗೆ ತಿರುಗಿದ ಕೆಂಪು. ರಸ್ತೆಯಿಂದ ನೂರಿನ್ನೂರು ಮೀಟರು ಸರಿದರೆ ಈ ಅನಿಲ ಗಣನೀಯವಾಗಿ ತಗ್ಗುತ್ತದೆ.

ನಮ್ಮ ದೇಶ 2009ರಲ್ಲಿ ನೈಟ್ರೋಜನ್ ಡೈಆಕ್ಸೈಡಿಗೆ ಇಟ್ಟ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ ಆಗ 40 ಇತ್ತು. 2021ರಲ್ಲಿ ಅದು 10ಕ್ಕೆ ಇಳಿಯಿತು.