ಒಂದು ಮೀನು ನುಂಗಿದ ಸರೋವರ

ಭೂಮಧ್ಯರೇಖೆ ಹಾದುಹೋಗುವ ಪೂರ್ವ ಆಫ್ರಿಕದಲ್ಲಿ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದಾದ ಸಿಹಿನೀರಿನ ಸರೋವರವೊಂದಿದೆ. ಅದೇ ವಿಕ್ಟೋರಿಯಾ. ಸುಮಾರು 68,800 ಚದರ ಕಿಲೋಮೀಟರ್ ವಿಸ್ತಾರದ ಈ ಜಲರಾಶಿಯನ್ನು ತಾಂಜಾನಿಯ, ಉಗಾಂಡ, ಕೆನ್ಯ ದೇಶಗಳು ಹಂಚಿಕೊಂಡಿವೆ. ನೈಲ್ ನದಿಯ ಮೂಲ ಹುಡುಕುತ್ತ 1858ರಲ್ಲಿ ಇಲ್ಲಿಗೆ ಬಂದ ಜಾನ್ ಹ್ಯಾನಿಂಗ್ ಸ್ಪೀಕ್ ತನ್ನ ರಾಣಿಯ ಹೆಸರಿಟ್ಟ. ದಂಡೆಯ ಗಂಡಾ ಜನರಿಗೆ ಅದು ನಲುಬಾಲೆ. ಲುವೊ ಜನರಿಗೆ ನಾಮ್ ಲೊಲ್ವೆ. ಸ್ಪೀಕ್‌ನ ಊಹೆ ಮಾತ್ರ ಸರಿಯಾಗಿತ್ತು. ಉಗಾಂಡದ ಜಿಂಜಾ ಬಳಿ ಸರೋವರದಿಂದ ನೈಲ್ ಹೊರಡುತ್ತದೆ. ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು 1948ರಲ್ಲಿ ವಿಸರ್ಜಿಸಿದ್ದೂ ಅಲ್ಲಿಯೇ.

ಇಷ್ಟು ದೊಡ್ಡದಾದರೂ ವಿಕ್ಟೋರಿಯಾ ಆಳವಾದ ಸರೋವರವಲ್ಲ. ರಷ್ಯದ ಬೈಕಲ್ 1,600 ಮೀಟರಿಗೂ ಆಳವಿದ್ದರೆ, ಇದರ ಗರಿಷ್ಠ ಆಳ 80 ಮೀಟರಿನ ಆಸುಪಾಸು. ಹರಿವಾಣದಂತೆ ಅಗಲವಾಗಿ ಹರಡಿದ ನೀರು. ಅದರಲ್ಲಿ ಬಹುಪಾಲು ಸರೋವರದ ಮೇಲೆಯೇ ಸುರಿಯುವ ಮಳೆಯದು. ಸುಮಾರು 15,000 ವರ್ಷಗಳ ಹಿಂದೆ ಇದು ಪೂರ್ತಿ ಬತ್ತಿಹೋಗಿತ್ತೆಂದು ತಳದ ಕೆಸರು ಹೇಳುತ್ತದೆ.

ಮತ್ತೆ ನೀರು ತುಂಬಿದ ಮೇಲೆ ನಡೆದದ್ದು ಜೀವವಿಜ್ಞಾನಿಗಳನ್ನು ಬೆರಗುಗೊಳಿಸಿದ ಸಂಗತಿ. ಸಿಕ್ಲಿಡ್ ಎಂಬ ಸಣ್ಣ ಮೀನುಗಳು ಇಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಾಗಿ ಕವಲೊಡೆದವು. ಬಂಡೆಯ ಪಾಚಿ ಕೆರೆದು ತಿನ್ನುವುದು ಒಂದು, ಬಸವನಹುಳುವಿನ ಚಿಪ್ಪು ಒಡೆಯುವುದು ಇನ್ನೊಂದು, ಬೇರೆ ಮೀನಿನ ಮರಿಗಳನ್ನು ಕದ್ದು ತಿನ್ನುವುದು ಮತ್ತೊಂದು. ಮೊಟ್ಟೆಗಳನ್ನು ತಾಯಿ ಬಾಯಲ್ಲಿಟ್ಟುಕೊಂಡೇ ಕಾಯುತ್ತದೆ.

ಇಂತಹ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಮೀನನ್ನು ತಂದು ಬಿಟ್ಟರು. ಎರಡು ಮೀಟರ್‌ವರೆಗೆ ಬೆಳೆಯಬಲ್ಲ ಬೇಟೆಗಾರ ಮೀನದು. ಮುಳ್ಳೇ ಹೆಚ್ಚಿರುವ ಸಣ್ಣ ಮೀನುಗಳನ್ನು ಬೆಲೆಯುಳ್ಳ ದೊಡ್ಡ ಮೀನಾಗಿ ಮಾರ್ಪಡಿಸುವುದು ಬ್ರಿಟಿಷ್ ವಸಾಹತು ಅಧಿಕಾರಿಗಳ ಲೆಕ್ಕಾಚಾರ. ಆಕ್ಷೇಪಿಸಿದ ವಿಜ್ಞಾನಿಗಳೂ ಇದ್ದರು. ಎರಡು ದಶಕ ಏನೂ ಆದಂತೆ ಕಾಣಲಿಲ್ಲ. 1980ರ ದಶಕದಲ್ಲಿ ಪರ್ಚ್ ಏಕಾಏಕಿ ಹೆಚ್ಚಿತು. ಸರೋವರದ ಮೀನುರಾಶಿಯ ತೂಕದಲ್ಲಿ ಶೇಕಡ 80ರಷ್ಟಿದ್ದ ಸಿಕ್ಲಿಡ್‌ಗಳ ಪಾಲು ಶೇಕಡ ಒಂದಕ್ಕೆ ಕುಸಿಯಿತು. ಸುಮಾರು 200 ಪ್ರಭೇದಗಳು ಕಾಣೆಯಾದವೆಂದು ಅಂದಾಜು.

ಹಾಗೆಂದು ಇದನ್ನು ಬರೀ ನಷ್ಟದ ಕಥೆ ಎನ್ನಲಾಗದು. ದಂಡೆಯಲ್ಲಿ ಕಾರ್ಖಾನೆಗಳೆದ್ದವು, ಪರ್ಚ್‌ನ ಮಾಂಸ ಯೂರೋಪಿಗೆ ಹೊರಟಿತು, ಲಕ್ಷಾಂತರ ಮಂದಿಗೆ ಕೆಲಸ ಸಿಕ್ಕಿತು. ಆದರೆ ಮಾಂಸ ವಿದೇಶಕ್ಕೆ ಹೋಗಿ, ತಲೆ ಮತ್ತು ಬೆನ್ನುಮೂಳೆ ಸ್ಥಳೀಯ ಬಡವರ ಪಾಲಿಗೆ ಉಳಿದದ್ದೂ ಉಂಟು. ಇನ್ನೊಂದು ಪರಿಣಾಮವನ್ನು ಯಾರೂ ಎಣಿಸಿರಲಿಲ್ಲ. ಸಿಕ್ಲಿಡ್ ಬಿಸಿಲಿಗೆ ಒಣಗುತ್ತಿತ್ತು. ಕೊಬ್ಬು ತುಂಬಿದ ಪರ್ಚ್‌ಗೆ ಹೊಗೆಯೂಡಿಸಬೇಕು, ಅದಕ್ಕೆ ಸೌದೆ ಬೇಕು. ದಂಡೆಯ ಮರಗಳು ಉರುಳಿದವು.

ಬೋಳಾದ ನೆಲದ ಮಣ್ಣು, ಹೊಲಗಳ ಸಾರ, ಪಟ್ಟಣಗಳ ಕೊಳಚೆ ಸೇರಿ ನೀರು ಹಸಿರಾಯಿತು. ಕದಡಿದ ನೀರಿನಲ್ಲಿ ಹೆಣ್ಣು ಸಿಕ್ಲಿಡ್‌ಗಳು ಗಂಡಿನ ಬಣ್ಣ ಗುರುತಿಸಲಾರದೆ ಪ್ರಭೇದಗಳು ಬೆರೆತುಹೋಗುತ್ತಿವೆ ಎಂದು 1997ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದೇ ದಶಕದಲ್ಲಿ ನಮ್ಮ ಕೆರೆಗಳಿಗೂ ಪರಿಚಿತವಾದ, ದಕ್ಷಿಣ ಅಮೆರಿಕ ಮೂಲದ ನೇರಳೆ ಹೂವಿನ ಜಲಕಳೆ ಬಂದರುಗಳನ್ನು ಮುಚ್ಚಿತು. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟಿದ್ದ ಜಾತಿಯ ಮೂತಿಹುಳುಗಳನ್ನೇ ಅಲ್ಲಿಯೂ ಬಿಟ್ಟರು. ಕಳೆ ಬಹಳಷ್ಟು ತಗ್ಗಿತು, ಪೂರ್ತಿ ತೊಲಗಲಿಲ್ಲ.

ಮಿತಿಮೀರಿ ಹಿಡಿದದ್ದರಿಂದ ಈಗ ಪರ್ಚ್‌ನ ಗಾತ್ರವೂ ಕುಗ್ಗಿದೆ. ಅದು ಕಡಿಮೆಯಾದ ಕಡೆ ಕೆಲವು ಸಿಕ್ಲಿಡ್‌ಗಳು ಮರಳಿವೆ. ತೂಕದ ಲೆಕ್ಕದಲ್ಲಿ ಇಂದು ಸರೋವರದಲ್ಲಿ ಹೆಚ್ಚು ಸಿಗುವುದು ಬೆರಳುದ್ದದ ಸ್ಥಳೀಯ ಮೀನು ದಗಾ. ಅದಕ್ಕೆ ಸೌದೆ ಬೇಡ. ಹೆಂಗಸರು ದಂಡೆಯ ಮರಳಿನ ಮೇಲೆ ಹರಡಿ ಒಣಗಿಸುತ್ತಾರೆ.